ದುರ್ಭಿಕ್ಷ, ದಾಸೋಹ ಮತ್ತು ಧಾನ್ಯಸಂಗ್ರಹ

ಸುಭಿಕ್ಷ, ದುರ್ಭಿಕ್ಷ ಎಂಬ ಶಬ್ದಯುಗ್ಮವನ್ನು ತರಗತಿಗಳಲ್ಲಿ ವಿರುದ್ಧಪದಗಳ ಪಟ್ಟಿಯಲ್ಲಿ ಸೇರಿಸಿ, ಮಕ್ಕಳಿಂದ ಬಾಯಿಪಾಠ ಮಾಡಿಸಿ ನಾವು ಮುಂದೆ ಸಾಗಿಬಿಡುತ್ತೇವೆ. ಆ ಶಬ್ದಗಳ ಒಡಲಿನಲ್ಲಿರುವ ವಿಚಾರವನ್ನು ಬಿಡಿಸಿ ತೋರಿಸುವ ವ್ಯವಧಾನ ಅಧ್ಯಾಪಕರಿಗೆ ಇರುವುದಿಲ್ಲ. ಪರೀಕ್ಷೆಯೂ ಅದನ್ನು ಕೇಳುವುದಿಲ್ಲ. ಭಿಕ್ಷೆಯು ಸುಲಭವಾಗಿ ದೊರೆಯುವ ಕಾಲ ಸುಭಿಕ್ಷ. ಅದು ದುರ್ಲಭವಾದ ಕಾಲ ದುರ್ಭಿಕ್ಷ. ಅರಮನೆಯ ಬೊಕ್ಕಸವನ್ನಾಗಲಿ ಶ್ರೀಮಂತನ ಕಣಜವನ್ನಾಗಲಿ ನೋಡಿ ಕಾಲದ ಒಳಿತು ಕೆಡುಕುಗಳನ್ನು ನಿರ್ಣಯಿಸದೆ, ಬಾಗಿಲಿಗೆ ಬಂದು ನಿಂತವನ ಜೋಳಿಗೆಗೆ ಏನು ಬಿತ್ತು ಎಂಬುದನ್ನು ನೋಡಿ ನಿರ್ಣಯಿಸಿದ ಶಬ್ದಗಳಿವು. ಕ್ಷಾಮವೆಂಬ ಶಬ್ದದ ಮೂಲಾರ್ಥ ಬೇರೆ. ಕೃಶವಾದದ್ದು, ಬತ್ತಿದ್ದು ಎಂದು. ಅದು ದೇಹದ ಸ್ಥಿತಿಯನ್ನು ಹೇಳಿದರೆ ದುರ್ಭಿಕ್ಷವು ಸಮಾಜದ ಸ್ಥಿತಿಯನ್ನು ಹೇಳುತ್ತದೆ. ಇನ್ನು ನಮ್ಮ ರೈತರ ಬಾಯಲ್ಲಿರುವುದು ಬರವೆಂಬ ಎರಡಕ್ಷರದ ಅಚ್ಚಗನ್ನಡದ ಮಾತು. ಬರಗಾಲದಲ್ಲಿ ಅಧಿಕ ಮಾಸವೆಂಬ ಗಾದೆಯನ್ನು ಆಡದ ಹಳ್ಳಿ ಈ ಸೀಮೆಯಲ್ಲಿಲ್ಲ. ಉಣ್ಣಲು ಇಲ್ಲದಾಗ ವರ್ಷಕ್ಕೆ ಒಂದು ತಿಂಗಳು ಹೆಚ್ಚಾಗಿ ಬಂದರೆ ಸಂಸಾರಿಯ ಗತಿ ಏನು ಎಂಬುದನ್ನು ಬಲ್ಲವರು ಕಟ್ಟಿದ ಗಾದೆಯದು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳ ಮಕ್ಕಳೇ ನಮ್ಮ ವಿದ್ಯಾಸಂಸ್ಥೆಯಲ್ಲಿ ಬಹುಮಟ್ಟಿಗೆ ಓದಿದವರು. (ಈಗ ಸರಗೂರು, ಸಾಲಿಗ್ರಾಮಗಳು ಪ್ರತ್ಯೇಕ ತಾಲ್ಲೂಕುಗಳಾಗಿವೆ, ಹಳೆಯ ವಿದ್ಯಾರ್ಥಿಗಳ ಬಾಯಲ್ಲಿ ಇನ್ನೂ ಕೋಟೆ ತಾಲ್ಲೂಕು, ಕೆ. ಆರ್. ನಗರ ತಾಲ್ಲೂಕು ಎಂಬ ರೂಢಿಯೇ ಇದೆ.) ಪಶ್ಚಿಮಕ್ಕೆ ಕೊಡಗಿನ ಬೆಟ್ಟ, ದಕ್ಷಿಣಕ್ಕೆ ನಾಗರಹೊಳೆಯ ಕಾಡು, ನಡುವೆ ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಯರು. ಇಂಥ ನಾಡಿನಲ್ಲಿ ಕುಳಿತು ದುರ್ಭಿಕ್ಷದ ವಿಷಯ ಬರೆಯುವುದು ಅಪ್ರಸ್ತುತವೆಂದು ಯಾರಿಗಾದರೂ ತೋರಬಹುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ್ದನ್ನು ನೆನೆದರೆ ಆ ಭಾವನೆ ತಾನಾಗಿಯೇ ತೊಲಗುತ್ತದೆ. ಆ ವರ್ಷ ಹಸಿವಿನಿಂದ ಸಾವಿರ ಸಾವಿರ ಜನ ಸಾಯಲಿಲ್ಲ. ಹಿಂದೆ ಸಾಯುತ್ತಿದ್ದರು. ಈ ವ್ಯತ್ಯಾಸ ಎಲ್ಲಿಂದ ಬಂತು, ಅದು ಎಷ್ಟು ಗಟ್ಟಿಯಾದದ್ದು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಪ್ರಾಚೀನರು ದುರ್ಭಿಕ್ಷವನ್ನು ಹೇಳುವಾಗಲೆಲ್ಲ ಹನ್ನೆರಡು ವರ್ಷವೆಂದೇ ಹೇಳುತ್ತಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ, ಸುಮಾರು ಕ್ರಿ. ಶ. 600ರದೆಂದು ವಿದ್ವಾಂಸರು ಹೇಳುವ ಶಾಸನದಲ್ಲಿ, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವೈಷಮ್ಯ ಬರಲಿದೆಯೆಂದು ಭದ್ರಬಾಹುಸ್ವಾಮಿಗಳು ತಿಳಿದು ಹೇಳಲು, ಮುನಿಸಂಘವು ದಕ್ಷಿಣಾಪಥಕ್ಕೆ ಬಂದಿತೆಂಬ ವೃತ್ತಾಂತವಿದೆ. ಮಹಾಭಾರತದ ಶಾಂತಿಪರ್ವದಲ್ಲಿ, ವಿಶ್ವಾಮಿತ್ರನಂಥ ಮಹರ್ಷಿಯೇ ಹಸಿವು ತಾಳಲಾರದೆ ಚಂಡಾಲನ ಗುಡಿಸಲಿನಲ್ಲಿ ನಾಯಿಯ ಮಾಂಸಕ್ಕೆ ಕೈಚಾಚಿದ ಪ್ರಸಂಗವೂ ಹನ್ನೆರಡು ವರ್ಷದ ಅನಾವೃಷ್ಟಿಯ ಕಾಲದ್ದು. ದಖ್ಖಣದಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಗೆ, 1396ರಲ್ಲಿ ಮೊದಲಾಯಿತೆನ್ನುವ ದುರ್ಗಾದೇವಿ ಬರವೂ ಐತಿಹ್ಯದಲ್ಲಿ ಹನ್ನೆರಡು ವರ್ಷದ್ದೇ. ಇದನ್ನು ಪಂಚಾಂಗದ ಲೆಕ್ಕವೆಂದು ತಿಳಿಯತಕ್ಕದ್ದಲ್ಲ. ಒಂದು ತಲೆಮಾರಿನ ಬದುಕು ಬುಡಮೇಲಾಯಿತೆಂಬುದನ್ನು ಹೇಳಲು ಬಳಸುವ ಸಂಖ್ಯೆಯದು ಎಂದೇ ನನ್ನ ಅಭಿಪ್ರಾಯ. ಮನೆ ಮಾರಿ, ದನ ಕಳೆದುಕೊಂಡು, ಊರು ಬಿಟ್ಟವನು ಮತ್ತೆ ಒಕ್ಕಲಾಗಿ ನಿಲ್ಲಲು ಹನ್ನೆರಡು ವರ್ಷ ಬೇಕೆನ್ನುವುದು ಉತ್ಪ್ರೇಕ್ಷೆಯೇನೂ ಅಲ್ಲ.

ಬಹಮನಿ ಸುಲ್ತಾನ ಎರಡನೆಯ ಮಹಮ್ಮದ ಷಹ 1378ರಿಂದ 1397ರವರೆಗೆ ಆಳಿದನು. ಅವನ ಕಾಲದಲ್ಲಿ ಬರ ಬಂದಾಗ ಮಾಳವ ಮತ್ತು ಗುಜರಾತುಗಳಿಂದ ಧಾನ್ಯ ತರಿಸಲು ಹತ್ತು ಸಾವಿರ ಎತ್ತುಗಳನ್ನು ನೇಮಿಸಿದನೆಂದು ಚರಿತ್ರಕಾರ ಫೆರಿಸ್ತಾ ಬರೆದಿದ್ದಾನೆ. ಅದೇ ದೊರೆ ಗುಲ್ಬರ್ಗಾ, ಬೀದರ್ ಮೊದಲಾದ ಪಟ್ಟಣಗಳಲ್ಲಿ ಅನಾಥ ಬಾಲಕರಿಗೆ ಶಾಲೆಗಳನ್ನು ಸ್ಥಾಪಿಸಿ ಉಪಾಧ್ಯಾಯರನ್ನು ನೇಮಿಸಿದನೆಂಬ ಮಾತೂ ಅಲ್ಲಿದೆ. ಬರದ ಹಿಂದೆಯೇ ಅನಾಥ ಮಕ್ಕಳ ಪ್ರಶ್ನೆ ಬರುತ್ತದೆಂಬುದನ್ನು ಕಂಡ ದೊರೆ ಅವನಿರಬೇಕು. ಆ ಹತ್ತು ಸಾವಿರ ಎತ್ತುಗಳ ಲೆಕ್ಕವನ್ನು ನಮ್ಮ ಗಣಿತದ ಅಧ್ಯಾಪಕರು ಮಕ್ಕಳಿಂದ ಮಾಡಿಸಬಹುದು. ಹೇರೆತ್ತೊಂದು ಒಂದು ಕ್ವಿಂಟಲಿನಷ್ಟು ಹೊರುವುದೆಂದು ಹಿಡಿದರೆ ಒಂದು ಸಲಕ್ಕೆ ಬರುವುದು 1,000 ಟನ್. ತಲೆಗೆ ದಿನಕ್ಕೆ ಅರ್ಧ ಕಿಲೋದಂತೆ ಅದು ಸುಮಾರು 22,000 ಜನರಿಗೆ ಮೂರು ತಿಂಗಳು ಸಾಕಾಗುತ್ತದೆ. ಒಂದು ರಾಜ್ಯಕ್ಕೆ ಇದು ಯಾವ ಮೂಲೆಗೆ? ಎತ್ತುಗಳು ಮಾಳವದಿಂದ ಬರುವವರೆಗೆ ತಿಂಗಳುಗಳು ಕಳೆಯುತ್ತವೆ. ದಾರಿಯಲ್ಲಿ ಅವಕ್ಕೂ ಮೇವು ನೀರು ಬೇಕು. ದೊರೆಯ ಸಂಕಲ್ಪ ದೊಡ್ಡದು, ಸಂದೇಹವಿಲ್ಲ. ಆದರೆ ಬರ ಬಂದ ಮೇಲೆ ದೂರದಿಂದ ತರಿಸುವ ಧಾನ್ಯವು ಊರಿನಲ್ಲಿಯೇ ಇದ್ದ ಧಾನ್ಯಕ್ಕೆ ಸಮನಾಗಲಾರದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ನಮ್ಮ ಸೀಮೆಗೆ ಬರೋಣ. ಬಿ. ಎಲ್. ರೈಸ್ ಅವರು 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ, ಯಡತೊರೆಗಳ (ಇಂದಿನ ಕೃಷ್ಣರಾಜನಗರ ಸೀಮೆಯ ಅಂದಿನ ಹೆಸರು ಯಡತೊರೆ) ಶಾಸನಗಳು ಅಚ್ಚಾಗಿವೆ. ದಾನ, ಯುದ್ಧ, ತುರುಗೊಳ್, ಪ್ರತಿಷ್ಠೆಗಳು ಶಾಸನಗಳಿಗೆ ವಿಷಯ. ತುರುಗಳಿಗಾಗಿ ಮಡಿದವನಿಗೆ ವೀರಗಲ್ಲು, ಗಂಡನೊಡನೆ ಹೋದವಳಿಗೆ ಮಾಸ್ತಿಗಲ್ಲು. ಹಸಿವಿನಿಂದ ಸತ್ತವನಿಗೆ ಕಲ್ಲು ನಿಲ್ಲಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಆದ್ದರಿಂದ ಮಧ್ಯಯುಗದ ದುರ್ಭಿಕ್ಷವನ್ನು ನಮ್ಮ ನಾಡಿನಲ್ಲಿ ಅರಿಯಬೇಕಾದರೆ ಅದನ್ನು ತಡೆಯಲು ಮಾಡಿದ ಕೆಲಸಗಳಿಂದ ಅರಿಯಬೇಕು. ಕೆರೆ ಕಟ್ಟಿಸಿದವನಿಗೆ, ಕೆರೆಯನ್ನು ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿಗೆ ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗಿ ಎಂಬ ಹೆಸರುಗಳಿವೆ. ಏರಿಯ ಮಣ್ಣು ಹಾಕುವವನಿಗೆ, ಹೂಳು ಸಾಗಿಸುವ ಬಂಡಿಗೆ ಕೆರೆಯ ಕೆಳಗಿನ ಬೆಳೆಯಿಂದಲೇ ಆದಾಯ ಬರುವಂತೆ ಮಾಡಿದ ಕಟ್ಟಲೆಯದು. ಕೆರೆ ಒಡೆದರೆ ಅವನ ಗದ್ದೆಯೂ ಒಣಗುತ್ತದೆ. ಇಷ್ಟು ಸರಳವಾದ ಉಪಾಯದಿಂದ ಎಷ್ಟೋ ಕೆರೆಗಳು ಶತಮಾನಗಳ ಕಾಲ ಉಳಿದವು. ಹುಣಸೂರು ತಾಲ್ಲೂಕಿನ ಹನಗೋಡಿನಲ್ಲಿ ಲಕ್ಷ್ಮಣತೀರ್ಥಕ್ಕೆ, ಕೃಷ್ಣರಾಜನಗರ ಸೀಮೆಯಲ್ಲಿ ಕಾವೇರಿಗೆ ಹಾಕಿದ ಚಾಮರಾಜ, ಮಿರ್ಲೆ ಮುಂತಾದ ಕಟ್ಟೆಗಳೂ ನದಿಯನ್ನು ನಿಲ್ಲಿಸದೆ ಅದರಿಂದ ಬೇಕಾದಷ್ಟನ್ನು ಬೇಡಿ ಪಡೆಯುವ ರೀತಿಯವು.

ನೀರಿನ ಶಾಸ್ತ್ರವನ್ನು ಕನ್ನಡದಲ್ಲಿ ಬರೆದವರೂ ಇದ್ದರು. ಇಮ್ಮಡಿ ಚಾವುಂಡರಾಯನ ಲೋಕೋಪಕಾರ ಸುಮಾರು 1025ರ ಗ್ರಂಥ. ಮಳೆಯ ಲಕ್ಷಣ, ನೆಲದೊಳಗಿನ ನೀರನ್ನು ಗುರುತಿಸುವ ಉದಕಾರ್ಗಳ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ಪಶುವೈದ್ಯ ಇವೆಲ್ಲ ಒಂದೇ ಗ್ರಂಥದಲ್ಲಿವೆ. ಮಳೆಯಿಂದ ಹಿಡಿದು ಅಡಿಗೆಯ ಮನೆಯವರೆಗೆ ಅನ್ನದ ವಿಚಾರವು ಅಖಂಡವಾದದ್ದೆಂದು ಆ ಗ್ರಂಥಕರ್ತನು ತಿಳಿದಿದ್ದಂತೆ ಕಾಣುತ್ತದೆ. ಇನ್ನು ನಮ್ಮ ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನನ್ನು ನೆನೆಯದೆ ಮುಂದೆ ಹೋಗಲಾಗದು. ಚಂಗಾಳ್ವರ ಕಾಲದ ಈ ಕವಿ ಹದಿನಾರನೆಯ ಶತಮಾನದ ಆರಂಭದವನು. ಅವನ ಕೃತಿಗಳಲ್ಲಿ ಸೂಪಶಾಸ್ತ್ರವೂ ಒಂದು. ಹಿಟ್ಟಿನ ಭಕ್ಷ್ಯ, ಪಾನಕ, ಅನ್ನ, ಶಾಕಗಳನ್ನು ಮಾಡುವ ಬಗೆಯನ್ನು ಷಟ್ಪದಿಯಲ್ಲಿ ಹೇಳಿದ ಆ ಕೃತಿ ಓದುವವರ ಬಾಯಲ್ಲಿ ನೀರೂರಿಸುತ್ತದೆ. ಅದು ಉಳ್ಳವರ ಅಡಿಗೆ. ಇಲ್ಲದವರ ಅಡಿಗೆಯ ಕಡೆಗೆ ಕಣ್ಣು ಹಾಯಿಸಿದ ಕಾವ್ಯವು ಅದೇ ಶತಮಾನದಲ್ಲಿ ಬೇರೆ ಕಡೆಯಿಂದ ಬಂತು.

ಅದು ಕನಕದಾಸರ ರಾಮಧಾನ್ಯ ಚರಿತೆ. ಲಂಕೆಯಿಂದ ಹಿಂದಿರುಗುವ ಶ್ರೀರಾಮನಿಗೆ ಮುನಿಗಳ ಆಶ್ರಮದಲ್ಲಿ ಬಗೆಬಗೆಯ ಧಾನ್ಯದ ಅಡಿಗೆಯ ಸತ್ಕಾರವಾಗುತ್ತದೆ. ಧಾನ್ಯಗಳಲ್ಲಿ ಶ್ರೇಷ್ಠವಾವುದೆಂಬ ಪ್ರಶ್ನೆ ಏಳುತ್ತದೆ. ಗೌತಮ ಮುನಿಯು ನರೆದಲೆಗವೆಂದರೆ ರಾಗಿಯ ಪಕ್ಷ ವಹಿಸಲು ವ್ರೀಹಿಯೆಂದರೆ ಭತ್ತಕ್ಕೆ ರೋಷ ಉಕ್ಕುತ್ತದೆ. ತಾನು ದೇವತೆಗಳ, ಬ್ರಾಹ್ಮಣರ, ಮಂಗಳಕಾರ್ಯಗಳ ಧಾನ್ಯವೆಂದು ಭತ್ತ ಬೀಗಿದರೆ, ನೀನು ಬಡವರ ಕಡೆ ನೋಡದ ನಿರ್ದಯನೆಂದು ರಾಗಿ ತಿರುಗಿ ಬೀಳುತ್ತದೆ. ಮಳೆ ಹೋಗಿ ಕ್ಷಾಮ ಬಂದಾಗ ಪ್ರಾಣಿಗಳನ್ನು ಉಳಿಸುವುದು ತಾನೆಂಬ ವಾದವನ್ನೂ ಅದು ಹೂಡುತ್ತದೆ. ವ್ಯಾಜ್ಯ ತೀರಿಸುವ ರಾಮನ ರೀತಿ ನೋಡಿರಿ. ಸಾಕ್ಷಿ ಪ್ರಮಾಣಗಳನ್ನು ಕೇಳದೆ, ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಭತ್ತ ಸೊರಗಿತ್ತು. ರಾಗಿ ಇದ್ದಂತೆಯೇ ಇತ್ತು. ರಾಮನು ತನ್ನ ರಾಘವನೆಂಬ ಹೆಸರನ್ನೇ ಅದಕ್ಕೆ ಕೊಟ್ಟನು.

ಈ ಕಾವ್ಯವನ್ನು ಕುಲದ ಮೇಲುಕೀಳುಗಳ ವಿಡಂಬನೆಯೆಂದು ವಿಮರ್ಶಕರು ಓದಿದ್ದಾರೆ. ಅದು ಸರಿಯಾದ ಓದು. ಪಾಠ ಹೇಳುವಾಗ ನಾನು ಇನ್ನೊಂದು ಮಾತನ್ನು ಸೇರಿಸುತ್ತೇನೆ. ರಾಮನು ಒಡ್ಡಿದ ಪರೀಕ್ಷೆ ರುಚಿಯದೂ ಅಲ್ಲ, ಬಣ್ಣದ್ದೂ ಅಲ್ಲ. ಕತ್ತಲೆಯಲ್ಲಿ ಗಾಳಿಯಿಲ್ಲದೆ ಇದ್ದು ಕೆಡದಿರುವ ಪರೀಕ್ಷೆ. ಅದು ಹಗೇವಿನ ಪರೀಕ್ಷೆ! ಬೇಸಾಯದ ಮನೆಯನ್ನು ಬಲ್ಲವರಿಗೆ ಮಾತ್ರ ಹೊಳೆಯುವ ಕಲ್ಪನೆಯಿದು.

ಹಗೇವೆಂದರೆ ಏನೆಂದು ಇಂದಿನ ವಿದ್ಯಾರ್ಥಿಗಳನ್ನು ಕೇಳಿದರೆ ಹತ್ತರಲ್ಲಿ ಒಬ್ಬನೂ ಹೇಳಲಾರ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಊರಿನ ಎತ್ತರದ, ನೀರು ನಿಲ್ಲದ, ಗಟ್ಟಿ ನೆಲವನ್ನು ಆರಿಸಿ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ ಬಿಟ್ಟು, ಒಳಗೆ ಹೋದಂತೆ ಗುಡಾಣದ ಹಾಗೆ ಅಗಲವಾಗಿ ತೋಡಿದ ಕುಳಿಯೇ ಹಗೇವು. ತೋಡಿದ ಮೇಲೆ ಒಳಗೆ ಹುಲ್ಲು ಸುಟ್ಟು ತೇವವನ್ನು ಆರಿಸುತ್ತಾರೆ. ತಳಕ್ಕೂ ಪಕ್ಕಗಳಿಗೂ ಒಣಹುಲ್ಲು ಕೊಟ್ಟು, ಚೆನ್ನಾಗಿ ಬಿಸಿಲು ಕಂಡ ರಾಗಿಯನ್ನು ಸುರಿದು, ಬಾಯಿಗೆ ಕಲ್ಲು ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಾರೆ. ಒಳಗಿನ ಕಾಳು ಉಸಿರಾಡುತ್ತ ಅಲ್ಲಿನ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಆ ಗಾಳಿಯಲ್ಲಿ ಹುಳು ಬದುಕಲಾರದು. ರಾಗಿಯ ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಎಣ್ಣೆಯಂಶ ಕಡಿಮೆ. ಆದ್ದರಿಂದ ನುಸಿ ಅದರ ತಂಟೆಗೆ ಬರುವುದು ಅಪರೂಪ. ಅಕ್ಕಿಗೆ ಈ ಯೋಗ್ಯತೆಯಿಲ್ಲ. ರಾಗಿಗೂ ಬೀಸಿ ಹಿಟ್ಟಾದ ಮೇಲೆ ಈ ಗುಣ ಉಳಿಯುವುದಿಲ್ಲ. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಪಿರಿಯಾಪಟ್ಟಣದವರೆಗೂ ಬಂದಿದ್ದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ರಾಗಿಯನ್ನು ನೆಲದ ಕುಳಿಗಳಲ್ಲಿ ವರ್ಷಗಟ್ಟಲೆ ಇಡುವ ಈ ಪದ್ಧತಿಯನ್ನು ಗಮನಿಸಿ ಬರೆದಿಟ್ಟಿದ್ದಾನೆ. ಹಗೇವನ್ನು ತೆರೆದ ಕೂಡಲೇ ಇಳಿಯುವಂತಿಲ್ಲ. ಬಾಯಿ ತೆರೆದು ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ದೀಪ ಇಳಿಸದೆ ಆಳನ್ನು ಇಳಿಸಿ ಪ್ರಾಣ ಕಳೆದ ಯಜಮಾನರ ಕಥೆಗಳೂ ಹಳ್ಳಿಗಳಲ್ಲಿವೆ.

ಹಗೇವನ್ನು ಹೊಗಳುವಾಗ ಒಂದು ಮಾತನ್ನು ಮರೆಮಾಚಬಾರದು. ಹಗೇವು ಇದ್ದದ್ದು ಹೊಲವಿದ್ದವನಿಗೆ. ಇಲ್ಲದವನು ಬರದಲ್ಲಿ ಅವನ ಬಾಗಿಲಿಗೆ ಹೋಗಿ ರಾಗಿಯನ್ನು ಕಡ ತಂದು, ಮುಂದಿನ ಸುಗ್ಗಿಯಲ್ಲಿ ಬಡ್ಡಿ ಸಹಿತ ರಾಗಿಯನ್ನೇ ಅಳೆಯಬೇಕಾಗಿತ್ತು. ಪ್ರಾಣ ಉಳಿಸಿದ ಹಗೇವೇ ಅವನನ್ನು ಜೀತಕ್ಕೂ ತಳ್ಳುತ್ತಿತ್ತು. ಅಮರ್ತ್ಯ ಸೇನರು 1981ರ ಗ್ರಂಥದಲ್ಲಿ ಬಂಗಾಳದ 1943ರ ಕ್ಷಾಮವನ್ನು ಪರಿಶೀಲಿಸಿ, ಧಾನ್ಯವಿಲ್ಲದೆ ಜನ ಸಾಯುವುದಕ್ಕಿಂತ ಧಾನ್ಯವನ್ನು ಪಡೆಯುವ ಶಕ್ತಿಯಿಲ್ಲದೆ ಸಾಯುತ್ತಾರೆಂದು ಪ್ರತಿಪಾದಿಸಿದರು. ದುರ್ಭಿಕ್ಷವೆಂಬ ಶಬ್ದವೂ ಹೇಳುವುದು ಇದನ್ನೇ. ಅದು ಬೆಳೆಯ ಮಾತಾಡುವುದಿಲ್ಲ, ಭಿಕ್ಷೆಯ ಮಾತಾಡುತ್ತದೆ.

ಇಲ್ಲಿ ಶರಣಪರಂಪರೆಯ ಮುಂದೆ ನಿಂತು ಉತ್ತರ ಹೇಳಬೇಕಾದ ಪ್ರಶ್ನೆಯೊಂದಿದೆ. ಆಯ್ದಕ್ಕಿ ಮಾರಯ್ಯನ ವೃತ್ತಾಂತವನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆತನು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಲಕ್ಕಮ್ಮ ಹೇಳಿದಳು. ನಾಳೆಗೆಂದು ಕೂಡಿಡುವುದನ್ನು ಒಪ್ಪದ ಈ ತತ್ತ್ವಕ್ಕೂ, ಏಳು ವರ್ಷಕ್ಕೆಂದು ಕೂಡಿಡುವ ಹಗೇವಿಗೂ ಹೊಂದಿಕೆ ಹೇಗೆ? ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಎತ್ತಿದ್ದನು. ಚಿಂತಿಸಬೇಕಾದ ಪ್ರಶ್ನೆಯೇ. ಲಕ್ಕಮ್ಮ ಬೇಡವೆಂದದ್ದು ತನ್ನ ಮನೆಯ ಮಡಕೆಯಲ್ಲಿ ತನಗಾಗಿ ಉಳಿಯುವ ಅಕ್ಕಿಯನ್ನು. ಆ ಅಕ್ಕಿ ಮತ್ತೊಬ್ಬ ಆಯುವವನ ಪಾಲು. ಹತ್ತು ಮನೆಯವರು ಸೇರಿ ಹತ್ತು ಊರಿನ ಮಕ್ಕಳಿಗೆಂದು ಇಟ್ಟ ಕಾಳಿಗೆ ಒಡೆಯನಿಲ್ಲ, ಬಡ್ಡಿಯಿಲ್ಲ. ಸಂಗ್ರಹವು ದೋಷವಾಗುವುದು ಅದಕ್ಕೊಬ್ಬ ಯಜಮಾನ ಹುಟ್ಟಿದಾಗ. ಮಠಗಳ ಕಣಜಗಳು ಈ ಎರಡರ ನಡುವೆ ನಿಂತವು. ಭಕ್ತರು ಸುಗ್ಗಿಯಲ್ಲಿ ತಂದು ಸುರಿದದ್ದು ವರ್ಷವಿಡೀ ಪಂಕ್ತಿಯಲ್ಲಿ ಖರ್ಚಾಗುತ್ತಿತ್ತು. ಎಲ್ಲ ಮಠಗಳೂ ಎಲ್ಲ ಕಾಲದಲ್ಲೂ ಹಾಗಿದ್ದವೆಂದು ಹೇಳುವ ಮುಗ್ಧತೆ ನನಗಿಲ್ಲ, ಆದರ್ಶವಂತೂ ಅದಾಗಿತ್ತು.

ಹಳೆಯ ಕಟ್ಟಲೆಗಳು ಎಷ್ಟರ ಮಟ್ಟಿಗೆ ತಡೆದುಕೊಳ್ಳಬಲ್ಲವು ಎಂಬುದರ ಕಠೋರ ಪರೀಕ್ಷೆ ನಡೆದದ್ದು ಮಧ್ಯಯುಗ ಕಳೆದು ಬಹುಕಾಲದ ಮೇಲೆ. ಧಾತು ಸಂವತ್ಸರ, ಈಶ್ವರ ಸಂವತ್ಸರಗಳ ಬರವೆಂದು ಹಳಬರು ಕರೆಯುವ 1876ರಿಂದ 1878ರವರೆಗಿನ ಮಹಾಕ್ಷಾಮವದು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ 8,69,224ರಷ್ಟು ಇಳಿದಿತ್ತು. ಹೆಚ್ಚಿನ ಪೆಟ್ಟು ಬಿದ್ದದ್ದು ಪೂರ್ವದ ಬಯಲುಸೀಮೆಗೆ. ಆಗ ರೈಲು ಇತ್ತು. ಮದರಾಸಿನಿಂದ ಬೆಂಗಳೂರಿಗೆ 1864ರಲ್ಲಿಯೇ ಬಂದಿತ್ತು. ಬೆಂಗಳೂರಿನವರೆಗೆ ಧಾನ್ಯವೂ ಬಂತು. ಅಲ್ಲಿಂದ ಮುಂದಕ್ಕೆ ಸಾಗಿಸಬೇಕಾದ ಎತ್ತುಗಳು ಮೇವು ನೀರಿಲ್ಲದೆ ಸತ್ತಿದ್ದವು. ಬಹಮನಿ ದೊರೆಯ ಹತ್ತು ಸಾವಿರ ಎತ್ತುಗಳ ಸಮಸ್ಯೆಯೇ ಐದು ಶತಮಾನಗಳ ಮೇಲೆ ಉಗಿಬಂಡಿಯ ಮುಂದೆಯೂ ಬಂದು ನಿಂತಿತು! ಬೆಂಗಳೂರು ಮೈಸೂರು ರೈಲುಮಾರ್ಗವನ್ನು ಬರಪರಿಹಾರದ ಕಾಮಗಾರಿಯಾಗಿ ಆರಂಭಿಸಿ 1882ರಲ್ಲಿ ಮುಗಿಸಿದರು. ಅತ್ತ ಮದರಾಸು ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಕೂಲಿಯವನ ದಿನದ ಪಾಲನ್ನು ಒಂದು ಪೌಂಡ್ ಧಾನ್ಯ, ಮೇಲೆ ಒಂದಾಣೆಗೆ ಇಳಿಸಿದನು. ದಿನವಿಡೀ ಮಣ್ಣು ಹೊರುವವನಿಗೆ ಇದು ಸಾಲದೆಂದು ವೈದ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದನು. ಒಂದು ವರ್ಷದ ಬರವನ್ನು ಹಗೇವು ತಾಳಬಲ್ಲದು. 1875ರಿಂದಲೇ ಮಳೆ ಕುಂದಿ, ಮರುವರ್ಷ ಕೈಕೊಟ್ಟು, ಮೂರನೆಯ ವರ್ಷವೂ ತಡವಾದರೆ ಯಾವ ಹಗೇವು ತಾಳೀತು? ಈಶ್ವರದ ಮರುವರ್ಷದ ಹೆಸರು ಬಹುಧಾನ್ಯ. ಅರವತ್ತು ಹೆಸರುಗಳ ಸರದಿಯಲ್ಲಿ ಬಂದ ಆ ಹೆಸರನ್ನು ಅಂದು ಯುಗಾದಿಯ ಪಂಚಾಂಗ ಶ್ರವಣದಲ್ಲಿ ಕೇಳಿದವರ ಮನಸ್ಸಿನಲ್ಲಿ ಏನು ನಡೆದಿರಬಹುದು!

ಸಾಯುವ ಬರ ಈಗ ಇಲ್ಲವಾದದ್ದಕ್ಕೆ ಕಾರಣಗಳು ಹಲವು. 1965ರಲ್ಲಿ ಆಹಾರ ನಿಗಮ ಬಂತು. ದೇಶದ ಹಗೇವೆಂದು ಅದನ್ನು ಕರೆಯಬಹುದು. 2013ರ ಆಹಾರ ಭದ್ರತಾ ಕಾಯಿದೆಯಿಂದ ತಲೆಗೆ ತಿಂಗಳಿಗೆ ಐದು ಕಿಲೋ ಧಾನ್ಯ ಹಕ್ಕಾಯಿತು. ಭಿಕ್ಷೆಯಾಗಿದ್ದದ್ದು ಹಕ್ಕಾದದ್ದು ಸಾಮಾನ್ಯ ಸಂಗತಿಯಲ್ಲ. ನಮ್ಮ ರಾಗಿಯ ತಳಿಯೂ ಸುಧಾರಿಸಿತು, ಮಂಡ್ಯದ ವಿ. ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಹೊರತಂದ ಇಂಡಾಫ್ ತಳಿಗಳನ್ನು ಬೆಳೆಯದ ರೈತ ಈ ಸೀಮೆಯಲ್ಲಿ ವಿರಳ. ಕಬಿನಿ, ನುಗು, ತಾರಕ, ಹೆಬ್ಬಳ್ಳವೆಂಬ ನಾಲ್ಕು ಜಲಾಶಯಗಳು ಕೋಟೆ ಸೀಮೆಯಲ್ಲೇ ಇವೆ. ಅವುಗಳ ನೀರಿನ ಹೆಚ್ಚಿನ ಪಾಲು ಕೆಳಗಿನ ಸೀಮೆಗಳಿಗೆ ಹರಿಯುತ್ತದೆಂಬ ಕೋಟೆಯವರ ಕೊರಗು ನ್ಯಾಯವಾದದ್ದೇ. ಹಾರಂಗಿಯ ನಾಲೆ ಪಿರಿಯಾಪಟ್ಟಣ, ಹುಣಸೂರುಗಳಿಗೆ ಬಂತು. ಕೃಷ್ಣರಾಜನಗರವು ಭತ್ತದ ಕಣಜವೆಂಬ ಬಿರುದು ಪಡೆಯಿತು.

ಆದರೆ ಅಕ್ಕಿಯ ಕಥೆಯಲ್ಲಿ ತೀರ ಈಚಿನ ಒಂದು ಪ್ರಸಂಗವನ್ನು ಗಮನಿಸಬೇಕು. 2023ರಲ್ಲಿ ನಮ್ಮ ರಾಜ್ಯ ಸರ್ಕಾರವು ಅನ್ನಭಾಗ್ಯದಲ್ಲಿ ಐದು ಕಿಲೋವಿಗೆ ಇನ್ನೈದು ಕಿಲೋ ಸೇರಿಸಲು ನಿಶ್ಚಯಿಸಿತು. ಹಣ ಒದಗಿತ್ತು, ಅಕ್ಕಿ ಒದಗಲಿಲ್ಲ. ಕೊನೆಗೆ ಜುಲೈಯಿಂದ ಕಿಲೋವಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಬ್ಯಾಂಕಿನ ಖಾತೆಗೆ ಹಾಕತೊಡಗಿತು. 2025ರ ಆರಂಭದವರೆಗೂ ಅದೇ ಕ್ರಮ ನಡೆಯಿತು. ಅದೇ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಬಿಳಿಯಕ್ಕಿಯ ರಫ್ತನ್ನು ನಿಲ್ಲಿಸಿ, ಅಕ್ಕಿಗಾಗಿ ನಮ್ಮನ್ನು ನಂಬಿದ್ದ ದೂರದ ದೇಶಗಳು ತಲ್ಲಣಿಸಿದವು. ಯಾರ ತಪ್ಪು, ಯಾರ ಸರಿ ಎಂಬ ರಾಜಕೀಯ ನನಗೆ ಬೇಡ. ಒಂದು ರಾಜ್ಯದ ಸರ್ಕಾರಕ್ಕೇ ದುಡ್ಡು ಕೊಟ್ಟು ಧಾನ್ಯ ಕೊಳ್ಳಲಾಗದ ದಿನ ಬರಬಹುದಾದರೆ ಒಬ್ಬ ರೈತನಿಗೆ ಬಾರದೇ ಎಂಬುದಷ್ಟೇ ನನ್ನ ಚಿಂತೆ.

ಏಕೆಂದರೆ ನಮ್ಮ ರೈತನ ಕೈಗೆ ಈಗ ಬರುತ್ತಿರುವುದು ದುಡ್ಡು. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕೆಂಪು ಮಣ್ಣಿಗೆ ವರ್ಜೀನಿಯಾ ಹೊಗೆಸೊಪ್ಪು ಒಗ್ಗಿದೆ. 1976ರಲ್ಲಿ ತಂಬಾಕು ಮಂಡಳಿ ಆದ ಮೇಲೆ ಹರಾಜುಕಟ್ಟೆಗಳು ಬೆಳೆದವು. ಊರೂರಿಗೆ ಹದಗೊಳಿಸುವ ಬ್ಯಾರನ್ನುಗಳು ಎದ್ದವು. ಅವುಗಳ ಒಲೆಗೆ ಸೌದೆಯಾಗಿ ಮರಗಳು ಬಿದ್ದವು. ಮುಂಗಾರಿನ ಮೊದಲ ಹದವನ್ನೆಲ್ಲ ಸೊಪ್ಪಿಗೆ ಕೊಟ್ಟು, ಸೊಪ್ಪು ಮುರಿದ ಮೇಲೆ ಉಳಿದ ಮಳೆಗೆ ರಾಗಿಯನ್ನೋ ಅವರೆಯನ್ನೋ ಹಾಕುವ ರೈತರು ಇದ್ದಾರೆ, ಅವರನ್ನು ಮೆಚ್ಚಬೇಕು. ಅದನ್ನೂ ಬಿಟ್ಟವರು ಹರಾಜಿನ ದುಡ್ಡಿನಿಂದ ಅಂಗಡಿಯ ಅಕ್ಕಿ ತರುತ್ತಾರೆ. ಈ ಸಂಪುಟಕ್ಕೂ, ನಮ್ಮ ಶಾಲೆಯ ಕೊಠಡಿಗಳಿಗೂ ಕಾಣಿಕೆ ಕೊಟ್ಟ ಮಹನೀಯರಲ್ಲಿ ಹೊಗೆಸೊಪ್ಪಿನ ಬೆಳೆಗಾರರು ಅನೇಕರಿದ್ದಾರೆಂಬುದನ್ನು ನಾನು ಬಲ್ಲೆ. ಅವರ ಔದಾರ್ಯಕ್ಕೆ ತಲೆಬಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ. ಹೊಗೆಸೊಪ್ಪು ಸಾಲ ತೀರಿಸಿದೆ, ಮಗಳ ಮದುವೆ ಮಾಡಿಸಿದೆ, ಮಗನನ್ನು ಓದಿಸಿದೆ; ಆದರೆ ಅದು ಉಣ್ಣುವ ವಸ್ತುವಲ್ಲ. ಬೆಲೆ ಬಿದ್ದ ವರ್ಷವೂ ಮಳೆ ಹೋದ ವರ್ಷವೂ ಒಂದೇ ಆಗಿ ಬಂದರೆ ಹೊಲವಿದ್ದೂ ಕಾಳಿಲ್ಲದ ಮನೆ ಅವರದಾದೀತು.

ಕಾಡಿನವರ ಸ್ಥಿತಿ ಇದಕ್ಕಿಂತ ಕಷ್ಟದ್ದು. ಜೇನುಕುರುಬರು, ಕಾಡುಕುರುಬರು ಗೆಡ್ಡೆ ಗೆಣಸು, ಜೇನು, ಸೊಪ್ಪುಗಳಿಂದ ಬದುಕಿದವರು. ಬಿದಿರು ಹೂಬಿಟ್ಟು ಅಕ್ಕಿಯಾದ ವರ್ಷಗಳಲ್ಲಿ ನಾಡಿನವರೂ ಆ ಬಿದಿರಕ್ಕಿಯನ್ನು ಆರಿಸಿ ಉಂಡದ್ದುಂಟು. ಕಾಡು ಎಂಬುದು ಊರಿನ ಕಟ್ಟಕಡೆಯ ಹಗೇವಾಗಿತ್ತು. ಕಾಡಿನಿಂದ ಹೊರಬಂದ ಹಾಡಿಗಳ ಮಕ್ಕಳು ಈಗ ಪಡಿತರದ ಅಕ್ಕಿಯನ್ನೇ ನಂಬಿದ್ದಾರೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹೊಟ್ಟೆ ತುಂಬುತ್ತದೆ. ಮೂಳೆಗೆ ಬಲ ಬರುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆಯೆಂದೂ ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲವೆಂದೂ ಆಹಾರತಜ್ಞರು ಹೇಳುತ್ತಾರೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಗೌತಮ ಮುನಿಯ ಪಕ್ಷಕ್ಕೆ ಅಷ್ಟು ತಡವಾಗಿಯಾದರೂ ಬೆಂಬಲ ಬಂತು!

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಉಚಿತ ಪ್ರಸಾದನಿಲಯದ ಮಾತನ್ನು ಆಡದಿದ್ದರೆ ಲೇಖನ ಬರಿಯ ಪಾಂಡಿತ್ಯವಾದೀತು. ಹಿಂದಿನ ವರ್ಷಗಳಲ್ಲಿ ದಾನಿಗಳು ಸುಗ್ಗಿ ಮುಗಿದೊಡನೆ ಗಾಡಿಯಲ್ಲಿ ರಾಗಿ, ಹುರುಳಿ, ಅವರೆ ತಂದು ಇಳಿಸುತ್ತಿದ್ದರು. ಈಗ ಚೆಕ್ಕು ಬರುತ್ತದೆ, ಖಾತೆಗೆ ಹಣ ಬರುತ್ತದೆ. ಹಣವೂ ಬೇಕು, ಅಡಿಗೆಯವರ ಸಂಬಳಕ್ಕೆ, ಅನಿಲಕ್ಕೆ, ಎಣ್ಣೆಗೆ ಕಾಳು ಕೊಟ್ಟರೆ ಆದೀತೇ? ಆದರೆ ಒಂದು ಲೆಕ್ಕ ನೋಡಿ. ಮುನ್ನೂರು ಮಕ್ಕಳೆಂದು ಇಟ್ಟುಕೊಳ್ಳೋಣ. ತಲೆಗೆ ದಿನಕ್ಕೆ 200 ಗ್ರಾಂ ರಾಗಿಯಾದರೆ ದಿನಕ್ಕೆ 60 ಕಿಲೋ. ವರ್ಷದಲ್ಲಿ 250 ದಿನಕ್ಕೆ 150 ಕ್ವಿಂಟಲ್. ಒಳ್ಳೆಯ ಮಳೆಯ ವರ್ಷ ಎಕರೆಗೆ ಎಂಟು ಹತ್ತು ಕ್ವಿಂಟಲ್ ಬೆಳೆಯುವ ಹೊಲ ಇಪ್ಪತ್ತು ಎಕರೆ ಸಾಕು. ನಾಲ್ಕು ತಾಲ್ಲೂಕುಗಳ ಹಳೆಯ ವಿದ್ಯಾರ್ಥಿಗಳಲ್ಲಿ ನಲವತ್ತು ಜನ ಅರ್ಧರ್ಧ ಎಕರೆಯ ರಾಗಿಯನ್ನು ಒಮ್ಮೆ ಕೊಟ್ಟರೆ ನಿಲಯದಲ್ಲಿ ಒಂದು ವರ್ಷದ ರಾಗಿ ಮುಂಗಡವಾಗಿ ಕೂಡುತ್ತದೆ. ಪ್ರತಿ ಸುಗ್ಗಿಗೆ ಹಳೆಯದನ್ನು ತೆಗೆದು ಉಂಡು ಹೊಸದನ್ನು ತುಂಬುತ್ತ ಹೋದರೆ ಆ ಒಂದು ವರ್ಷದ ಕಾಳು ಎಂದಿಗೂ ಕರಗುವುದಿಲ್ಲ. ನೆಲದ ಹಗೇವೇ ಆಗಬೇಕೆಂಬ ಹಟ ನನಗಿಲ್ಲ. ಗಾಳಿಯಾಡದ ಲೋಹದ ಪೀಪಾಯಿಗಳೂ ಅದೇ ಕೆಲಸ ಮಾಡುತ್ತವೆ, ಆಳು ಇಳಿಯುವ ಅಪಾಯವೂ ಇಲ್ಲ. ಈ ವಿಚಾರವನ್ನು ಪೂಜ್ಯರ ಸನ್ನಿಧಿಯಲ್ಲಿ ಅರಿಕೆ ಮಾಡಿದ್ದೇನೆ. ಆಡಳಿತ ಮಂಡಳಿಯವರೂ ದಾನಿಗಳೂ ಪರಾಮರ್ಶಿಸಬೇಕೆಂದು ಪ್ರಾರ್ಥನೆ.

ಇನ್ನೊಂದು ಅರಿಕೆ ಹಳೆಯ ವಿದ್ಯಾರ್ಥಿಗಳಲ್ಲಿ. ನಿಮ್ಮ ಊರುಗಳಲ್ಲಿ ಮುಚ್ಚಿಹೋದ ಹಗೇವುಗಳಿರುತ್ತವೆ. ಕೆಲವು ಮನೆಯ ಪಾಯದ ಕೆಳಗೆ, ಕೆಲವು ಕಣದ ಅಂಚಿನಲ್ಲಿ, ಕೆಲವು ಊರ ಮುಂದಿನ ಮರದ ಬುಡದಲ್ಲಿ. ಎಂಬತ್ತು ದಾಟಿದ ಅಜ್ಜ ಅಜ್ಜಿಯರಿಗೆ ಅವುಗಳ ಜಾಗ ಗೊತ್ತಿರುತ್ತದೆ. ಬಾಯಿಯ ಅಳತೆ, ಆಳ, ಎಷ್ಟು ಖಂಡುಗ ಹಿಡಿಯುತ್ತಿತ್ತು, ಕೊನೆಯ ಸಲ ಯಾವ ವರ್ಷ ತೆರೆದರು, ಆ ಕಾಳು ಯಾರ ಮನೆಗೆ ಹೋಯಿತು ಎಂಬುದನ್ನು ಅವರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಶಾಲೆಯ ಕನ್ನಡ ವಿಭಾಗಕ್ಕೆ ಕಳುಹಿಸಿಕೊಡಿ. ಮುಂದಿನ ವರ್ಷದ ಸಂಪುಟದಲ್ಲಿ ಊರುವಾರು ಪಟ್ಟಿಯಾಗಿ ಅದನ್ನು ಅಚ್ಚು ಮಾಡಿಸುವ ಹೊಣೆ ನಮ್ಮದು.